ಬಾಲದ ಕೋಲು

ಆ ದಿನ ಬೆಳಿಗ್ಗೆ ನಲ್ಲಿ ನೀರು ಹಿಡಿದಿಟ್ಟೆ. ಕಿಟಕಿ ಸರಳುಗಳ ಮೇಲಿನ ಅದಿರಿನ ಕೆಂಪು ಧೂಳು ಒರೆಸಿದೆ. ತೋರಣಗಲ್ಲಿನ ಕಾರ್ಖಾನೆಗೆ ಹೊರಟ ಯಜಮಾನರಿಗೆ ಡಬ್ಬಿ ಕಟ್ಟಿದೆ. ದೇವರ ಸಾಮಾನು ತಿಕ್ಕಿದೆ. ಮೆತ್ತನೆಯ ಬ್ರಷ್ಷಿನಿಂದ ಒಂಬತ್ತು ವಿಮಾನಗಳ ರೆಕ್ಕೆ ಝಾಡಿಸಿದೆ.

ಗೇಣುದ್ದದ ಮಾದರಿ ವಿಮಾನಗಳು. ಮುಂಬಯಿಯ ಅಣ್ಣ ಊರಿಗೆ ಬಂದಾಗೊಂದು ತರುತ್ತಿದ್ದ. ಅವುಗಳಲ್ಲಿ ನಾಲ್ಕು, ಎಂದೋ ಮುಚ್ಚಿಹೋದ ಒಂದೇ ಸರಕು ಕಂಪನಿಯವು. ಪ್ರಯಾಣಿಕರನ್ನು ಹತ್ತಿಸದೆ ಪತ್ರಿಕೆಯ ಕಟ್ಟು, ಕೋಳಿಮರಿ, ಮೀನು ಹೊತ್ತು ಹಾರುತ್ತಿದ್ದ ಆ ಕಂಪನಿಯ ಚರಿತ್ರೆಯನ್ನು ಅಲ್ಲಿಲ್ಲಿ ಕತ್ತರಿಸಿಟ್ಟ ಕಾಗದಗಳಿಂದ ನಾನೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ವಿಮಾನದೊಳಗೆ ಕಾಲಿಟ್ಟವಳಲ್ಲ. ಆದರೂ ಆ ವಿಷಯದಲ್ಲಿ ಹೊಸಪೇಟೆಯಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ.

ಮಧ್ಯಾಹ್ನ ಮಂಚಕ್ಕೆ ನವಾರು ಹೆಣೆಯಲು ಚಿತ್ತವಾಡ್ಗಿಯಿಂದ ಒಬ್ಬ ಮುದುಕರು ಬಂದರು. ಅದೇ ಹೊತ್ತಿಗೆ ಪಕ್ಕದ ಮನೆಯಾಕೆಯೂ ಬಂದರು. ಅದಿರಿನ ಲಾರಿ ಓಡಿಸಿ ನೋಡನೋಡುತ್ತಿದ್ದಂತೆ ಮೂರಂತಸ್ತು ಎಬ್ಬಿಸಿದ ಮನೆಯವರು. ಅವರು ನನ್ನ ವಿಮಾನಗಳ ಶೋಕೇಸನ್ನಾದರೂ ಮೆಚ್ಚಲಿ ಎಂಬ ಆಸೆ ನನಗೆ. ಆ ಸರಕು ಕಂಪನಿಯ ವಿಮಾನವೊಂದನ್ನು ಕೈಗೆತ್ತಿಕೊಂಡು ಆಕೆಗೆ ವಿವರಿಸುತ್ತಿದ್ದಾಗ ಮುದುಕರು ಪಟ್ಟಿ ಬಿಗಿಯುತ್ತಲೇ ಕತ್ತೆತ್ತಿದರು.

“ಅಮ್ಮಾರ, ಇದರ ಬಾಲದ ಕೋಲು ಎಲ್ಲೈತ್ರಿ?”

“ಯಾವ ಕೋಲು?”

“ಮಾಲು ತುಂಬೋ ಮುಂದ ಬಾಲದ ಕೆಳಗ ಆಸರಕ್ಕ ಕೊಡ್ತಿದ್ವಿ. ಇಲ್ಲಂದ್ರ ಹಿಂದಿನ ಭಾರಕ್ಕ ಮೂತಿ ಮ್ಯಾಲೇಳತೈತಿ. ಹೈದರಾಬಾದಿನ್ಯಾಗ ಇದ ಕಂಪನಿಗೆ ಹಮಾಲಿ ಮಾಡೀನ್ರಿ.”

ನನ್ನ ನೋಟ್‌ಬುಕ್ಕಿನಲ್ಲಿ ಕೋಲಿನ ಮಾತೇ ಇರಲಿಲ್ಲ.

“ಕೋಲು ಕೊಡ್ಲಿಕ್ಕೆ ಅದೇನು ಎತ್ತಿನ ಬಂಡೀನ್ರಿ, ಅಜ್ಜಾರ? ನೀವು ಲಾರಿಗೆ ಹಮಾಲಿ ಮಾಡಿರ್ಬೇಕು,” ಎಂದೆ.

ಪಕ್ಕದ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮುದುಕರೂ ಸ್ವಲ್ಪ ನಕ್ಕಂತೆ ಮಾಡಿ ತಲೆ ತಗ್ಗಿಸಿದರು.

ಕಾಫಿಯಾದ ಮೇಲೆ ಆಕೆಗೆ ತೋರಿಸಲೆಂದು ಆ ವಿಮಾನ ಬಂದಿದ್ದ ಪೆಟ್ಟಿಗೆಯನ್ನೂ ತೆರೆದೆ. ತಳದಲ್ಲಿ ಮಡಚಿದ ಚೀಟಿಯೊಂದಿತ್ತು. ಬಿಡಿಸಿದರೆ ಚಿತ್ರ: ಹಿಂಬಾಗಿಲು ತೆರೆದ ವಿಮಾನ, ಬಾಲದ ಕೆಳಗೆ ನೆಟ್ಟಗೆ ನಿಂತ ಕಪ್ಪು ಕಡ್ಡಿ. ಬೆಂಕಿಕಡ್ಡಿಯಷ್ಟಿದ್ದ ಅಂಥದ್ದೊಂದನ್ನು, ಪೆಟ್ಟಿಗೆ ಮೊದಲು ಬಿಚ್ಚಿದ ದಿನ, ಕಸವೆಂದು ನಾನೇ ಗುಡಿಸಿ ಹಾಕಿದ್ದೆ. ಮುದುಕರು ಮೂರು ಮಾರು ದೂರದಲ್ಲಿ ಗಂಟು ಹಾಕುತ್ತಿದ್ದರು. ಆಕೆ ಎದುರಿಗೇ ಇದ್ದರು. ನಾನು ಚೀಟಿಯನ್ನು ಇದ್ದಂತೆಯೇ ಮಡಚಿ ಮುಚ್ಚಳ ಹಾಕಿದೆ.

ಆಡಿದ ಮಾತಿಗಿಂತ, ಹಾಗೆ ಮಡಚಿದ್ದು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಸಂಜೆ ತಡೆಯಲಾಗದೆ ಚೀಟಿ ಹಿಡಿದು ಆಟೊದಲ್ಲಿ ಚಿತ್ತವಾಡ್ಗಿಗೆ ಹೋದೆ. ಮುದುಕರು ಕಟ್ಟೆಯ ಮೇಲಿದ್ದರು. ಸೊಸೆ ಚಾಪೆ ಹಾಸಿ “ಕುಂದ್ರಿ” ಎಂದಳು. ತಪ್ಪು ನನ್ನದು ಎಂದೆ. ಅವರು ಚಿತ್ರವನ್ನು ದೂರ ಹಿಡಿದು ನೋಡಿದರು.

“ಹ್ಞಾಂ, ಇದ. ನಮ್ದು ಇನ್ನೂ ದಪ್ಪ ಇತ್ತು.” ಆಮೇಲೆ ಕೇಳಿದರು, “ಆ ಅಕ್ಕಾರಿಗೆ ಹೇಳಿದ್ರೇನು?”

“ಇನ್ನೂ ಇಲ್ಲ.”

“ಮತ್ತ ನನಗ ಹೇಳಾಕ ಇಷ್ಟ ದೂರ ಯಾಕ ಬಂದ್ರಿ? ನನಗ ಮೊದ್ಲ ಗೊತ್ತೈತಲ್ರಿ.”

ವಾಪಸು ಬಂದವಳು ನಮ್ಮ ಮನೆ ಹೊಗುವ ಮೊದಲು ಪಕ್ಕದ ಗೇಟು ತಟ್ಟಿದೆ. ಆಕೆ ನನ್ನನ್ನು ಕಂಡದ್ದೇ ನಗತೊಡಗಿದರು.

“ನಿಮ್ಮ ಎತ್ತಿನ ಬಂಡಿ ಮಾತು ಎಲ್ಲಾರಿಗೂ ಹೇಳೀನ್ರಿ. ನಮ್ಮ ಡ್ರೈವರ್ ಅಂತೂ ಭಾಳ ನಕ್ಕ.”

“ಅಜ್ಜಾರು ಹೇಳಿದ್ದ ಖರೆ ಅದರಿ. ವಿಮಾನಕ್ಕ ಕೋಲು ಕೊಡ್ತಾರ. ನನಗ ಗೊತ್ತಿರಲಿಲ್ಲ.”

“ಹಂಗೇನು? ಹೋಗ್ಲಿ ಬಿಡ್ರಿ,” ಎಂದು ಆಕೆ ಧಾರಾವಾಹಿಯ ಸದ್ದು ಕೇಳಿ ಒಳಗೆ ಹೋದರು. ಗೇಟಿನ ಮುಂದೆ ಲಾರಿ ಇರಲಿಲ್ಲ; ಡ್ರೈವರ್ ಆಗಲೇ ನನ್ನ ಮಾತು ಹೊತ್ತು ಸಂಡೂರಿನ ದಾರಿ ಹಿಡಿದಿದ್ದ. ಅಲ್ಲಿ ಇನ್ನೆಷ್ಟು ಜನ ನಕ್ಕರೋ.

ರಾತ್ರಿ ಅನ್ನ, ಬೇಳೆ ಸಾರು, ಸುಟ್ಟ ಹಪ್ಪಳ. “ಯಾಕ, ಉಣವೊಲ್ಲಿ?” ಎಂದರು ಯಜಮಾನರು. ಹಸಿವಿಲ್ಲ ಎಂದೆ. ಮಜ್ಜಿಗೆಯ ಅನ್ನ ಎರಡು ತುತ್ತು ತಿಂದು ಎದ್ದೆ. ಮುದುಕರು ಹೆಣೆದ ಮಂಚದ ಮೇಲೆ ಅವರು ಮೊದಲು ಮಲಗಿದರು. ಆ ನವಾರಿನ ಮೇಲೆ ಮೈ ಚಾಚಲು ನನಗೆ ಬಹಳ ಹೊತ್ತು ಮನಸ್ಸಾಗಲಿಲ್ಲ.