ಪಂಪಿನ ಗಿರಮಲ್ಲಪ್ಪ ನೀರು ನಿಲ್ಲಿಸಿದ್ದು

ಹಿಪ್ಪರಗಿಗೆ ಹೋಗಿ ಗಿರಮಲ್ಲಪ್ಪನ ಮನೆ ಎಲ್ಲಿ ಎಂದು ಕೇಳಿದರೆ "ಯಾವ ಗಿರಮಲ್ಲಪ್ಪರಿ?" ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಪಂಪಿನ ಗಿರಮಲ್ಲಪ್ಪ ಅನ್ನಿ. ಚಹಾದಂಗಡಿಯವನು ಒಲೆ ಬಿಟ್ಟು ಬಂದು ದಾರಿ ತೋರಿಸುತ್ತಾನೆ. ಇಪ್ಪತ್ತೊಂಬತ್ತು ವರ್ಷ ಹೊಳೆದಂಡೆಯ ಪಂಪ್ ಮನೆಯಲ್ಲಿ ಮೋಟರು ನಡೆಸಿದ ಮನುಷ್ಯ. ಕೃಷ್ಣೆಯ ನೀರನ್ನು ಎತ್ತಿ ನಾಲ್ಕು ನೂರು ಎಕರೆ ಕಬ್ಬಿಗೆ ಕೊಡುವುದು ಅವನ ಕೆಲಸವಾಗಿತ್ತು. "ನನ್ನ ಕೈಯಾಗ ಒಬ್ಬರ ಬೆಳಿನೂ ಒಣಗಿಲ್ಲ" ಎಂದು ಈಗಲೂ ಹೇಳುತ್ತಾನೆ. ಕೇಳುವವರು ಇರಲಿ, ಬಿಡಲಿ.

ಇಂಥವನ ಮನೆಯಲ್ಲಿ ನೀರಿಗೇನು ಬರ? ಬಂದವರು ಚಪ್ಪಲಿ ಬಿಡುವ ಮೊದಲೇ ತುಂಬಿದ ತಂಬಿಗೆ ಎದುರಿಗೆ ಬರುತ್ತದೆ. ಬೆಕ್ಕಿಗೊಂದು ಬಟ್ಟಲು, ಗುಬ್ಬಿಗೊಂದು ಅಂಚು ಮುರಿದ ಅಗಲ ತಟ್ಟೆ. ಎರಡು ತುಳಸಿ ಗಿಡಗಳು ಅವನ ಉಪಚಾರ ತಾಳಲಾರದೆ ಬೇರು ಕೊಳೆತು ಸತ್ತವು. ಮೂರನೆಯದನ್ನು ಹೆಂಡತಿ ಪದ್ಮವ್ವ ಅವನ ಕಣ್ಣಿಗೆ ಬೀಳದಂತೆ ಮಾಳಿಗೆಯ ಮೇಲಿಟ್ಟು ಸಾಕಿದಳು.

ಆದರೆ ಹಿತ್ತಲದ ಕಿತ್ತಳೆ ಗಿಡದ ಹತ್ತಿರ ಮಾತ್ರ ಅವನನ್ನು ಯಾರೂ ತಡೆಯುವ ಹಾಗಿರಲಿಲ್ಲ. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ, ನಡುವೆ ಹೋಗುತ್ತ ಬರುತ್ತ ಒಂದೊಂದು ತಂಬಿಗೆ. ಗಿಡವೂ ಹಾಗೇ ಬೆಳೆದಿತ್ತು. ಎಲೆ ಏನು, ನೆರಳು ಏನು! ಹೂವು ಮಾತ್ರ ಒಂದೂ ಇಲ್ಲ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಎಂಟು ವರ್ಷ.

ಗಿಡ ಬಂದ ಕತೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಿರಮಲ್ಲಪ್ಪ ಇನ್ನೂ ನೌಕರಿಯಲ್ಲಿದ್ದಾಗ ಪದ್ಮವ್ವನಿಗೆ ಜಮಖಂಡಿಯಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಏಪ್ರಿಲ್ ತಿಂಗಳು, ಸುಡು ಬಿಸಿಲು. ಅದೇ ದಿನ ಪಂಪ್ ಮನೆಯ ಎರಡು ಮೋಟರಿನಲ್ಲಿ ಒಂದು ಸುಟ್ಟುಹೋಯಿತು. ಗಿರಮಲ್ಲಪ್ಪನ ಜೊತೆಯವನು ರಜೆ ಹಾಕಿ ಮಗಳ ಮದುವೆಗೆ ಹೋಗಿದ್ದ. ಕಬ್ಬು ಸುರುಳಿ ಸುತ್ತಿಕೊಳ್ಳುತ್ತಿದೆ, ರೈತರು ಬಾಗಿಲಲ್ಲೇ ಕುಳಿತಿದ್ದಾರೆ. ಇವನು ನಾಲ್ಕು ದಿನ ಪಂಪ್ ಮನೆ ಬಿಟ್ಟು ಕದಲಲಿಲ್ಲ. ಮುಧೋಳದಿಂದ ಬಂದ ಮಗಳು ಶೀತಲ ತಾಯಿಯ ಹತ್ತಿರ ಇದ್ದಳು. ಊರಿನ ಮಂದಿ ಬಸ್ಸಿನಲ್ಲಿ, ಬೈಕಿನಲ್ಲಿ, ಕಬ್ಬಿನ ಟ್ರ್ಯಾಕ್ಟರಿನಲ್ಲಿ ಬಂದು ಪದ್ಮವ್ವನನ್ನು ನೋಡಿಕೊಂಡು ಹೋದರು. ದವಾಖಾನೆಗೆ ಬರಿಗೈಯಲ್ಲಿ ಹೋಗಬಾರದಲ್ಲ, ಬಂದವರೆಲ್ಲ ಕಿತ್ತಳೆ ತಂದರು. ಪಕ್ಕದ ಮನೆಯ ಮುದುಕಿ ಯಂಕವ್ವ ಎರಡೇ ಹಣ್ಣನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ತುಂಬಿದ ಬಸ್ಸಿನಲ್ಲಿ ನಿಂತೇ ಬಂದಿದ್ದಳು.

ಐದನೆಯ ದಿನ ಗಂಡ ಬಂದ. ಬರಿಗೈ! ಮೈಯೆಲ್ಲ ಗ್ರೀಸು, ಹೊಟ್ಟೆಯಲ್ಲಿ ಹಸಿವು. "ಹಸದಿರೇನ? ತಿನ್ರಿ" ಎಂದಳು ಪದ್ಮವ್ವ. ಈ ಪುಣ್ಯಾತ್ಮ ಹೆಂಡತಿಯ ತಲೆದಿಂಬಿನ ಹತ್ತಿರ ಕೂತು ಎರಡು ಹಣ್ಣು ಸುಲಿದು ತಿಂದ. ಬೀಜ ಎಲ್ಲಿ ಉಗುಳುವುದು ಎಂದು ಅತ್ತಿತ್ತ ನೋಡಿದಾಗ ಅವಳು ಮಲಗಿದಲ್ಲಿಂದಲೇ ಅಂಗೈ ಚಾಚಿದಳು. ಆ ಬೀಜಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದು ಹಿತ್ತಲಲ್ಲಿ ಊರಿದಳು. ಏಳರಲ್ಲಿ ಒಂದು ಉಳಿಯಿತು.

"ನೋಡಾಕ ಬಂದವರು ಮೂವತ್ತೊಂದ ಮಂದಿ. ಒಬ್ಬೊಬ್ಬರ ಬಾಯಿಗೆ ನನ್ನ ಗಿಡದ್ದು ಒಂದೊಂದು ಹಣ್ಣು ಬೀಳಬೇಕ್ರಿ. ಅಲ್ಲೀತನಕಾ ನನ್ನ ಜೀವಕ್ಕ ಸಮಾಧಾನ ಇಲ್ಲ" ಎಂದಿದ್ದಳು. ನಾಲ್ಕು ದಿನ ಯಾಕೆ ಬರಲಿಲ್ಲ ಎಂದು ಗಂಡನನ್ನು ಒಂದು ಸಲವೂ ಕೇಳಲಿಲ್ಲ. ಬೈದಿದ್ದರೆ ಗಿರಮಲ್ಲಪ್ಪ ಒಂದು ವಾರದಲ್ಲಿ ಮರೆಯುತ್ತಿದ್ದ. ಬೈಯಲಿಲ್ಲವಲ್ಲ, ಅದೇ ಅವನ ಎದೆಯಲ್ಲಿ ಮುಳ್ಳಾಗಿ ಕೂತಿತು. ಆ ಮೂವತ್ತೊಂದರಲ್ಲಿ ತಾನಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಬಾರದವನು ಕೊಡ ಎತ್ತಿಕೊಂಡ.

ಎಂಟನೆಯ ಚಳಿಗಾಲದಲ್ಲಿ ಪದ್ಮವ್ವನ ತಮ್ಮ ಪರಮಾನಂದ ಬಂದ. ಇಂಡಿ ತಾಲೂಕಿನಲ್ಲಿ ಲಿಂಬೆ ತೋಟ ಮಾಡಿದವನು. ಗಿಡವನ್ನು ಸುತ್ತು ಹಾಕಿ ನೋಡಿ, ಬುಡದ ಕೆಸರಿನಲ್ಲಿ ಕಾಲಿಟ್ಟು, ನಕ್ಕುಬಿಟ್ಟ.

"ಮಾಮಾ, ಇದು ಕಬ್ಬಲ್ಲರಿ. ಇದಕ್ಕ ಸುಖಾ ಹೆಚ್ಚಾಗೈತಿ. ಕೂತಲ್ಲೆ ಉಣ್ಣಾಕ ಸಿಕ್ಕರ ಯಾವ ಗಿಡಾ ಹೂ ಬಿಡ್ತೈತಿ? ಒಂದ ತಿಂಗಳು ಹನಿ ನೀರ ತೋರಸಬ್ಯಾಡ್ರಿ. ಎಲಿ ಬಾಡಬೇಕು, ಅರ್ಧ ಉದುರಬೇಕು. ಇನ್ನ ಸಾಯ್ತೀನಿ ಅನ್ನೋ ಅಂಜಿಕಿ ಅದಕ್ಕ ಬರಬೇಕು. ಆಮ್ಯಾಲ ಗೊಬ್ಬರ ಹಾಕಿ ನೀರ ಕೊಡ್ರಿ, ಹೂ ಹೆಂಗ ಬರ್ತಾವ ನೋಡ್ರಿ."

ಗಿರಮಲ್ಲಪ್ಪನ ಮುಖ ಸಣ್ಣದಾಯಿತು. "ಸತ್ತರ?"

"ಸಾಯೂದಿಲ್ಲರಿ ಮಾಮಾ."

"ಸತ್ತರ ಅಂತ ಕೇಳಿದ್ನಿ."

ಪದ್ಮವ್ವ ತಮ್ಮನ ಮಾತು ನಂಬಿದಳು. ಪೈಪು ಸುತ್ತಿ ಜೋಳದ ಚೀಲದ ಹಿಂದಿಟ್ಟಳು. ಹಿತ್ತಲದ ನಲ್ಲಿಗೆ ಚಿಂದಿ ಬಿಗಿದು ಗಂಟು ಹಾಕಿದಳು. ಹತ್ತು ದಿನ ಎಲ್ಲ ಸರಿಯಾಗಿತ್ತು. ಹನ್ನೊಂದನೆಯ ದಿನ ಎಲೆಗಳು ದೋಣಿಯ ಹಾಗೆ ಮಡಚಿಕೊಂಡವು. ಅದನ್ನು ಕಂಡ ಗಿರಮಲ್ಲಪ್ಪ ಏನು ಮಾಡಿರಬೇಕು ಹೇಳಿ? ಅಂದಿನಿಂದ ತಾಟು ಹಿಡಿದುಕೊಂಡು ಗಿಡದ ಕೆಳಗೇ ಊಟಕ್ಕೆ ಕೂರತೊಡಗಿದ. ಉಂಡು ಕೈ ತೊಳೆದದ್ದು ಬುಡಕ್ಕೆ. ಬಾಯಿ ಮುಕ್ಕಳಿಸಿದ್ದು ಬುಡಕ್ಕೆ. ಚಹಾದ ಕಪ್ಪನ್ನು ತಾನೇ ತೊಳೆಯುವಷ್ಟು ಸಂಭಾವಿತನಾದ. ಸ್ನಾನ ಮಾಡಿದ ಮೇಲೆ ಟವೆಲು ತಂದು ಅಲ್ಲೇ ಹಿಂಡಿದ. ಅರವತ್ಮೂರು ವರ್ಷದ ಗಂಡಸು, ಸಾಲಿ ಹುಡುಗನ ಆಟ!

ಫೆಬ್ರುವರಿಯಲ್ಲಿ ಪರಮಾನಂದ ಮತ್ತೆ ಬಂದಾಗ ಗಿಡ ಹಸಿರಾಗಿ ನಗುತ್ತಿತ್ತು. ಹೂವಿಲ್ಲ.

"ಮಾಮಾ, ಇದಕ್ಕ ನೀರ ಯಾರ ಹಾಕ್ಯಾರ?"

"ಮಂಜ ಬಿದ್ದಿರಬೇಕಪಾ" ಎಂದ ಗಿರಮಲ್ಲಪ್ಪ, ಮುಗಿಲು ನೋಡುತ್ತ.

ಪದ್ಮವ್ವ ಆ ದಿನ ಅವನಿಗೆ ಮಾಡಬೇಕಾದಷ್ಟು ಮಂಗಳಾರತಿ ಮಾಡಿದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಸಂಜೆಗೆ ಗಿಡಕ್ಕೆ ಎರಡು ಕೊಡ ನೀರು ಹಾಕಿದ.

ಆ ಮಳೆಗಾಲದಲ್ಲಿ ಯಂಕವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದವರು ಸ್ನಾನ ಮಾಡಿದ ಮೇಲೆ ಪದ್ಮವ್ವ ಒದ್ದೆ ಕೂದಲಲ್ಲೇ ಹಿತ್ತಲಿಗೆ ಹೋಗಿ ಗಿಡದ ಎದುರು ನಿಂತಳು. ಗಿರಮಲ್ಲಪ್ಪ ಬಾಗಿಲಲ್ಲಿದ್ದ.

"ಯಂಕವ್ವ ತಂದ ಎರಡು ಹಣ್ಣು ನನ್ನ ಮ್ಯಾಲ ಹಂಗ ಉಳದು ಬಿಟ್ಟುವ ನೋಡ್ರಿ. ಬಸ್ಸಿನ್ಯಾಗ ನಿಂತ ಬಂದಿದ್ಲು ಮುದುಕಿ" ಎಂದಳು. ಅತ್ತಳು. ಅವಳು ಹಾಗೆ ಅತ್ತದ್ದನ್ನು ಅವನು ಕಂಡಿರಲಿಲ್ಲ. ಆ ಮೂವತ್ತೊಂದರಲ್ಲಿ ಇಬ್ಬರು ಮೊದಲೇ ತೀರಿಹೋಗಿದ್ದರು, ಯಂಕವ್ವ ಮೂರನೆಯವಳು. ಇನ್ನೂ ಕಾಯುತ್ತ ಕೂತರೆ ಹಣ್ಣು ತಿನ್ನಲು ಯಾರು ಉಳಿಯುತ್ತಾರೆ? ಗಿಡ ಸತ್ತೀತು ಎಂಬ ತನ್ನ ಅಂಜಿಕೆಯೇ ಪದ್ಮವ್ವನಿಗೆ ಅಡ್ಡ ನಿಂತಿದೆ ಎಂಬುದು ಗಿರಮಲ್ಲಪ್ಪನಿಗೆ ಅಂದು ಹೊಳೆಯಿತು. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಡಿಸೆಂಬರ್ ಬಂತು. ಈ ಸಲ ಪೈಪು ಸುತ್ತಿಟ್ಟವನು ಅವನೇ. "ನಾ ಹಿತ್ತಲಕ್ಕ ಕಾಲ ಇಡೂದಿಲ್ಲ, ಪದ್ಮಾ" ಎಂದ. ತಾಟು ಪಡಸಾಲೆಗೆ ಬಂತು. ಊಟವಾದ ಕೂಡಲೇ ಬಸ್ ಸ್ಟ್ಯಾಂಡಿಗೆ ಹೋಗಿ ಪಾಂಡಪ್ಪನ ಚಹಾದಂಗಡಿಯಲ್ಲಿ ಕೂರುತ್ತಿದ್ದ. ಹದಿನೈದು ದಿನ ಕಳೆಯಿತು, ಇಪ್ಪತ್ತು ಕಳೆಯಿತು. ಕೈಗಳಿಗೆ ಕೆಲಸವಿಲ್ಲ. ಪಾಂಡಪ್ಪನ ಕಪ್ಪುಗಳನ್ನೆಲ್ಲ ತೊಳೆದಿಟ್ಟ. "ಮಾಮಾ, ನಿಮಗ ಪಗಾರ ಕೊಡಬೇಕಾದೀತು" ಎಂದು ಪಾಂಡಪ್ಪ ನಕ್ಕ.

ಇಪ್ಪತ್ತಾರನೆಯ ದಿನ ಮನೆಗೆ ಬಂದರೆ ಪದ್ಮವ್ವನೇ ಬಾಗಿಲಲ್ಲಿ ನಿಂತಿದ್ದಳು. ಬೊಗಸೆ ತುಂಬ ಉದುರಿದ ಎಲೆ. ಅವಳ ಧೈರ್ಯವೂ ಹೋಗಿತ್ತು.

"ಸಾಕ್ರಿ. ಒಂದ ತಂಬಿಗಿ ಹಾಕಿ ಬಿಡ್ರಿ. ಹಣ್ಣ ಬ್ಯಾಡ ನನಗ, ಗಿಡಾ ಉಳಿದರ ಸಾಕು."

ಗಿರಮಲ್ಲಪ್ಪ ಹಿತ್ತಲಿಗೆ ಹೋದ. ನೆಲ ಬಿರಿದಿತ್ತು, ಕೊಂಬೆಗಳು ಬರಿದಾಗಿದ್ದವು. ಕಬ್ಬು ಹೀಗೆ ನಿಂತಿದ್ದರೆ ಎರಡೂ ಮೋಟರು ಒಟ್ಟಿಗೆ ಚಾಲೂ ಮಾಡುತ್ತಿದ್ದ. ಕಾಂಡಕ್ಕೆ ಕೈ ಹಚ್ಚಿದ, ಕಣ್ಣಲ್ಲಿ ನೀರು ಬಂತು. ಅದನ್ನು ಮಾತ್ರ ಅಂಗಿಯ ತೋಳಿನಿಂದ ಒರೆಸಿಕೊಂಡ, ಬುಡಕ್ಕೆ ಬೀಳಿಸಲಿಲ್ಲ.

"ಇನ್ನ ನಾಕ ದಿನಾ ಐತಿ" ಎಂದ. ನಾಲ್ಕು ದಿನ ಎಂಬ ಮಾತು ಬಾಯಿಂದ ಬಂದ ಮೇಲೆ ಅವನು ಬೇರೆ ಕಡೆ ಮುಖ ತಿರುಗಿಸಿದ, ಅವಳು ಬೊಗಸೆಯ ಎಲೆಗಳನ್ನು ಬುಡಕ್ಕೆ ಹಾಕಿದಳು. ದವಾಖಾನೆಯ ಆ ನಾಲ್ಕು ದಿನದ ನೆನಪು ಇಬ್ಬರಿಗೂ ಇತ್ತು.

ಮೂವತ್ತು ದಿನ ತುಂಬಿದ ಬೆಳಿಗ್ಗೆ ಬುಡ ಕೆದರಿ, ಹಳೆಯ ಕುರಿಗೊಬ್ಬರ ಹಾಕಿ, ಗಿರಮಲ್ಲಪ್ಪ ನೀರು ಕೊಟ್ಟ. ಒಮ್ಮೆಲೇ ಸುರಿಯಲಿಲ್ಲ. ಕೂಸಿಗೆ ಹಾಲು ಕುಡಿಸುವ ಹಾಗೆ ತುಸು ತುಸುವೇ ಹಾಕಿದ. ಹನ್ನೆರಡು ದಿನಕ್ಕೆ ಚಿಗುರು. ಇಪ್ಪತ್ತು ದಿನಕ್ಕೆ ಹೂವು! ಓಣಿಯೆಲ್ಲ ಘಮ ಘಮ. ಅಯ್ಯಯ್ಯೋ, ಅವನ ಸಂಭ್ರಮ ನೋಡಬೇಕಿತ್ತು. ದಾರಿಯಲ್ಲಿ ಹೋಗುವವರನ್ನು ಕೈ ಹಿಡಿದು ಕರೆತಂದು ಹೂವಿಗೆ ಮೂಗು ಹಚ್ಚಿಸುತ್ತಿದ್ದ.

ಕಾಯಿ ನಲವತ್ತು ಕಚ್ಚಿದವು. ಬಿಸಿಲಿಗೆ ಉದುರಿದವು, ಗಾಳಿಗೆ ಉದುರಿದವು. ದೀಪಾವಳಿಯ ಹೊತ್ತಿಗೆ ಹಣ್ಣಾಗಿ ಉಳಿದದ್ದು ಮೂರು. ಮೂವತ್ತೊಂದು ಮಂದಿಗೆ ಮೂರು ಹಣ್ಣು! ಗಿರಮಲ್ಲಪ್ಪನಿಗೆ ಹೆಂಡತಿಯ ಮುಖ ನೋಡಲು ಧೈರ್ಯವಾಗಲಿಲ್ಲ. ಪದ್ಮವ್ವ ಮಾತ್ರ ಹಣ್ಣು ಕಿತ್ತು, ದೇವರ ಮುಂದಿಟ್ಟು, ಸುಲಿದು, ತೊಳೆ ಬಿಡಿಸಿದಳು. ಎಣಿಸಿದಳು. ಮೂವತ್ತೆರಡು ತೊಳೆ. ತಾಟಿನಲ್ಲಿ ಹೊಂದಿಸಿ, ಬಿಳಿ ಅರಿವೆ ಮುಚ್ಚಿ, ಮನೆ ಮನೆಗೆ ಹೊರಟಳು. ಗಂಡ ಹಿಂದೆ ಹಿಂದೆ.

"ಏನ ಪದ್ಮಕ್ಕಾ, ಒಂದ ತೊಳಿ? ನಾ ಅರ್ಧ ಡಜನ್ ತಂದಿದ್ನಿ" ಎಂದು ಪಾಂಡಪ್ಪ ಕಾಡಿದ. "ಉಳಿದದ್ದು ಮುಂದಿನ ವರ್ಷಪಾ, ಸಾಯಬ್ಯಾಡ ಅಲ್ಲೀತನಕಾ" ಎಂದಳು. ತೀರಿಕೊಂಡ ಮೂವರ ಮನೆಗೂ ಹೋದಳು. ಯಂಕವ್ವನ ಮೊಮ್ಮಗಳ ಬಾಯಿಗೆ ತಾನೇ ತೊಳೆ ಇಟ್ಟು, ಕೆನ್ನೆ ಸವರಿ ಬಂದಳು.

ಮನೆಗೆ ಬಂದು ಗಿಡದ ಕೆಳಗೆ ಕುಳಿತಾಗ ತಾಟಿನಲ್ಲಿ ಒಂದೇ ತೊಳೆ ಇತ್ತು. ಅದನ್ನು ಅವಳು ಗಂಡನ ಮುಂದೆ ಹಿಡಿದಳು.

"ಏ, ನೀ ತಿನ್ನು. ನಿನ್ನ ಬಾಯಿಗೆ ಇನ್ನೂ ಬಿದ್ದಿಲ್ಲ."

"ಇದು ನಿಮ್ಮ ಪಾಲು."

"ನಂದೆಲ್ಲಿ ಪಾಲು ಬಂತು? ಎಲ್ಲಾರೂ ಬಂದ್ರು, ನಾ ಬರಲಿಲ್ಲ. ಬಂದವ ಖಾಲಿ ಕೈಲೆ ಬಂದ್ನಿ. ಮ್ಯಾಲ ನಿನ್ನವ ಎರಡ ತಿಂದ್ನಿ." ಹತ್ತು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ಅವತ್ತ ನೀವ ಬರಲಿಲ್ಲ, ಖರೆ. ನನಗ ಸಿಟ್ಟ ಬಂದಿತ್ತು, ಅದೂ ಖರೆ" ಎಂದಳು ಪದ್ಮವ್ವ. "ಆದರ ಹತ್ತ ವರ್ಷ ದಿನಾ ಕೊಡಾ ಹೊತ್ತ ಬಂದ್ರಲ್ಲಾ. ಅದು ಬರೇ ಗಿಡಕ್ಕ ಅಂತ ತಿಳಕೊಳ್ಳಾಕ ನಾ ಅಷ್ಟ ಹುಚ್ಚೀನೇನ್ರಿ?"

ಅವಳು ತೊಳೆಯನ್ನು ಎರಡು ಪಾಲು ಮಾಡಿ ದೊಡ್ಡ ಚೂರನ್ನು ಅವನ ಬಾಯಿಗಿಟ್ಟಳು, ಸಣ್ಣದನ್ನು ತಾನು ತಿಂದಳು. ಚೆನ್ನಾಗಿ ಹುಳಿ ಇತ್ತು. ಇಬ್ಬರೂ ಮುಖ ಹಿಂಡಿಕೊಂಡು ನಕ್ಕರು. ಅವನು ಬೀಜ ಎಲ್ಲಿ ಉಗುಳುವುದೆಂದು ಅತ್ತಿತ್ತ ನೋಡಿದ. ಪದ್ಮವ್ವ ಅಂಗೈ ಚಾಚಿದಳು.

"ಇಲ್ಲಿ ಹಾಕ್ರಿ" ಎಂದಳು. "ಇವಕ್ಕ ನೀರ ನಾ ಹಾಕ್ತೀನಿ. ನೀವು ದೂರ ಇರ್ರಿ."