ಕುರಿ ಮೊದಲು ಯಾವ ಕಾಲಿಡುತ್ತದೆ?

ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನ ಹಿಂದೆ ಜಿನಪಾಲನ ಮೊಬೈಲ್ ರಿಪೇರಿ ಅಂಗಡಿ. ಅಲ್ಲಿ ಹತ್ತರಿಂದ ಆರರವರೆಗೆ ಒಡೆದ ಗಾಜು ತೆಗೆದು ಹೊಸ ಗಾಜು ಕೂರಿಸುವವಳು ದೀಪಾಲಿ. ವಯಸ್ಸು ಇಪ್ಪತ್ತೇಳು, ಊರು ನೂಲ, ಮನೆತನ ಕುರಿ ಸಾಕುವವರದು. ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂ ಅವಳ ಕೈಜಾರಿ ಬಿದ್ದದ್ದನ್ನು ಜಿನಪಾಲ ಈ ಆರು ವರ್ಷದಲ್ಲಿ ಕಂಡಿಲ್ಲ. ಪೇಟೆಯಲ್ಲಿ ಅವಳಿಗೆ ಒಳ್ಳೆಯ ಹೆಸರು. ಮನೆಯಲ್ಲಿ ಮಾತ್ರ ಅಪ್ಪ ಸಿದ್ದರಾಯ ಹದಿನೈದು ವರ್ಷದ ಹಿಂದೆಯೇ ಅವಳ ಮೇಲೊಂದು ತೀರ್ಪು ಕೊಟ್ಟು ಕೂತಿದ್ದ: "ಈಕಿಗೆ ಕುರಿ ಕಾಣೂದಿಲ್ಲ."

ಆ ಮನೆಯ ಪದ್ಧತಿ ಹಾಗಿತ್ತು. ಸಂಜೆ ಮಂದೆ ಹಟ್ಟಿಗೆ ಬರುವಾಗ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿ, "ಇವತ್ತ ಯಾವ ಕುರಿ ಸರಿ ಇಲ್ಲ, ಹೇಳ್ರಿ" ಎಂದು ಸಿದ್ದರಾಯ ಕೇಳುತ್ತಿದ್ದ. ಅಣ್ಣ ದತ್ತಾ ಥಟ್ಟನೆ ಬೆರಳು ತೋರಿಸುತ್ತಿದ್ದ. ದೀಪಾಲಿಗೆ ಎಂಬತ್ತೂ ಕುರಿ ಒಂದೇ ಕಪ್ಪು ಕಂಬಳಿಯಾಗಿ ಕಾಣುತ್ತಿದ್ದವು. ಕೊನೆಗೆ ಅಪ್ಪ ಅವಳನ್ನು ಕೇಳುವುದನ್ನೇ ಬಿಟ್ಟ. ಕೇಳಿ ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ, ಕೇಳುವುದನ್ನು ಬಿಟ್ಟದ್ದು ಮನಸ್ಸಿಗೆ ನಾಟಿತು. ಈಗ ದತ್ತಾ ಇಚಲಕರಂಜಿಯಲ್ಲಿ ಮಗ್ಗದ ಕಾರಖಾನೆ ಸೇರಿದ್ದಾನೆ, ಮಂದೆಯ ಹಿಂದೆ ಅಪ್ಪ ಒಬ್ಬನೇ.

ಏಪ್ರಿಲ್ ತಿಂಗಳಲ್ಲಿ ಕೊಲ್ಲಾಪುರದಿಂದ ಬಂದ ಹಳೆ ಸಾಮಾನಿನ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಒಂದು ಗೇಮಿನ ಯಂತ್ರ ಸಿಕ್ಕಿತು. ಪುಸ್ತಕದ ಹಾಗೆ ಮಡಚುವಂಥದು, ಮೇಲೊಂದು ಪರದೆ, ಕೆಳಗೊಂದು ಪರದೆ, ಪಕ್ಕದಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಕಡ್ಡಿ. ಜಿನಪಾಲ ಅದನ್ನು ತಿರುಗಿಸಿ ನೋಡಿ, "ಕಾಯ್ ಗ ಹೆ? ಏನಿದು? ಇದನ್ನ ಯಾರ್ ತೊಗೋತಾರ ತಂಗಿ, ನೀನ ಇಟಗೋ" ಎಂದ. ದೀಪಾಲಿ ಬ್ಯಾಟರಿ ಬದಲಿಸಿ ಜೀವ ತಂದಳು. ಗೇಮ್ ಒಂದೂ ಇರಲಿಲ್ಲ. ಚಿತ್ರ ಬಿಡಿಸುವ ಪ್ರೋಗ್ರಾಮ್ ಒಂದಿತ್ತು.

ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದು ಗೆರೆಮನುಷ್ಯನನ್ನು ಬರೆದು, ಹೆಬ್ಬೆರಳಿನಿಂದ ಸರಸರನೆ ಬಿಟ್ಟು ಅವನನ್ನು ಕುಣಿಸುವ ಆಟವನ್ನು ಯಾವ ಶಾಲೆಯ ಹಿಂದಿನ ಬೆಂಚು ಆಡಿಲ್ಲ? ಇದೂ ಅದೇ. ಕಡ್ಡಿಯಿಂದ ಒಂದು ಪುಟ ಬರೆದರೆ, ಮುಂದಿನ ಪುಟದಲ್ಲಿ ಹಿಂದಿನ ಗೆರೆ ಮಸುಕಾಗಿ ಕಾಣುತ್ತದೆ. ಅದರ ಪಕ್ಕ ತುಸು ಸರಿಸಿ ಮತ್ತೆ ಬರೆಯಬೇಕು. ಗುಂಡಿ ಒತ್ತಿದರೆ ಪುಟಗಳು ತಾವೇ ಓಡುತ್ತವೆ. ಬಣ್ಣ ಮೂರೇ: ಕಪ್ಪು, ಕೆಂಪು, ನೀಲಿ. ಕಪ್ಪು ಇದೆಯಲ್ಲ ಎಂದುಕೊಂಡವಳ ತಲೆಗೆ ಮೊದಲು ಬಂದದ್ದು ಕುರಿ. ಅಪ್ಪ ನೋಡಿ "ಇದು ಕುರಿ" ಎನ್ನಬೇಕು, ಅಷ್ಟಾದರೆ ಸಾಕು ಎಂದು ಹಟಕ್ಕೆ ಬಿದ್ದಳು.

ಕುರಿಯ ಮೈ ಬರೆಯುವುದು ಸುಲಭವಾಯಿತು. ಕಾಲಿಗೆ ಬಂದಾಗ ಕೈ ನಿಂತಿತು. ನಾಲ್ಕು ಕಾಲಿನಲ್ಲಿ ಮೊದಲು ಎತ್ತುವುದು ಯಾವುದು? ಕುರಿಗಳ ನಡುವೆಯೇ ಹುಟ್ಟಿ ಬೆಳೆದವಳಿಗೆ ಇದು ಗೊತ್ತಿರಲಿಲ್ಲ. ಭಾನುವಾರ ಅಂಗಳದಲ್ಲಿ ಕೂತಿದ್ದ ಅಪ್ಪನನ್ನು ಕೇಳಿದಳು.

"ಮೊದ್ಲ... ಮುಂದಿಂದು," ಎಂದ ಸಿದ್ದರಾಯ. ಸ್ವಲ್ಪ ತಡೆದು, "ಅಲ್ಲ, ಹಿಂದಿಂದು. ತಡಿ," ಎಂದ.

ಐವತ್ತು ವರ್ಷ ಕುರಿಯ ಹಿಂದೆ ನಡೆದ ಮನುಷ್ಯನಿಗೆ ಬಾಯಲ್ಲಿ ಹೇಳಲು ಬರಲಿಲ್ಲ. ಮುಂಡಾಸು ತೆಗೆದಿಟ್ಟು ನೆಲಕ್ಕೆ ಕೈಯೂರಿ ಅಂಗಳದ ತುಂಬ ನಾಲ್ಕು ಕಾಲಲ್ಲಿ ಅಡ್ಡಾಡತೊಡಗಿದ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅವ್ವ ನಾಗೂಬಾಯಿ ಮೊರ ಕೆಳಗಿಟ್ಟು ನಕ್ಕಳು. "ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ ಇದೇನ್ ಚಾಲೂ ಮಾಡಿದ್ರಿ?"

"ನೀ ಸುಮ್ನಿರ. ಬರೋಬರ ನೋಡ್ ದೀಪಾಲಿ, ಬಲಗೈ, ಅದರ ಕೂಡ ಎಡ ಮೊಣಕಾಲ."

ದೀಪಾಲಿ ಗಂಭೀರವಾಗಿ ಬರೆದುಕೊಂಡಳು. ಮರುದಿನ ಹಾಗೆಯೇ ಎಂಟು ಪುಟ ಬಿಡಿಸಿ ತಂದಳು. ಸಿದ್ದರಾಯ ಯಂತ್ರವನ್ನು ಮೂಗಿನ ತನಕ ಎತ್ತಿ ಹಿಡಿದು ನೋಡಿದ.

"ಇದು ನಾಯಿ. ಯಾರದೋ ರೊಟ್ಟಿ ಕದ್ದು ಓಡಾಕತ್ತೈತಿ."

"ನೀ ತೋರಿಸಿದಂಗನ ತಗದೇನಿ ಅಪ್ಪಾ."

"ನಾ ಏನ್ ಕುರಿ ಏನು?" ಎಂದವನು ಯಂತ್ರವನ್ನು ಅವಳ ಮಡಿಲಿಗೆ ಹಾಕಿ ಎದ್ದು ಹೋದ.

ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಕುತೂಹಲವೂ ಬಂತು. ಮನುಷ್ಯ ಅಂಬೆಗಾಲಿಟ್ಟರೆ ನಾಯಿ ಓಡಿದ ಹಾಗಾಗುತ್ತದೆ ಎಂದಮೇಲೆ ಕುರಿ ನಡೆಯುವುದು ಹೇಗೆ? ಬುಧವಾರದಿಂದ ಅವಳು ಒಂದು ತಾಸು ಬೇಗ ಏಳತೊಡಗಿದಳು. ಮಂದೆ ಹೊರಡುವ ದಾರಿಯ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ವಿಡಿಯೋ ಹಿಡಿದಳು. ನಡುವಿನ ಕುರಿಗಳ ಕಾಲುಗಳು ಒಂದರಲ್ಲೊಂದು ಸಿಕ್ಕಿಕೊಂಡು ತಲೆಬುಡ ತಿಳಿಯಲಿಲ್ಲ. ಮಂದೆಯ ಮುಂದೆ ಒಂಟಿಯಾಗಿ ನಡೆಯುವ ಕುರಿ ಒಂದೇ ಇತ್ತು. ಹಣೆಯಲ್ಲಿ ಬಿಳಿ ಮಚ್ಚೆಯಿದ್ದುದರಿಂದ ಅದಕ್ಕೆ ಚಂದ್ರಿ ಎಂದು ಹೆಸರು. ಉಳಿದವು ಅದರ ಹಿಂದೆ ನಡೆಯುತ್ತಿದ್ದವು, ಎಲ್ಲಕ್ಕಿಂತ ಹಿಂದೆ ಸಿದ್ದರಾಯ. ಮೂರು ದಿನ ಬರೀ ಚಂದ್ರಿಯನ್ನೇ ಹಿಡಿದಳು.

ಅಂಗಡಿಯಲ್ಲಿ ಊಟದ ಹೊತ್ತಿಗೆ ಆ ವಿಡಿಯೋವನ್ನು ನಿಧಾನ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡಿದಳು. ಹಿಂದಿನ ಎಡಗಾಲು, ಮುಂದಿನ ಎಡಗಾಲು. ಆಮೇಲೆ ಹಿಂದಿನ ಬಲಗಾಲು, ಮುಂದಿನ ಬಲಗಾಲು. ಒಂದಾದ ಮೇಲೊಂದು, ಅವಸರವಿಲ್ಲ. ಮುಂಗಾಲು ಈಗಷ್ಟೇ ಬಿಟ್ಟ ಜಾಗದ ಹತ್ತಿರಕ್ಕೇ ಹಿಂಗಾಲು ಬಂದು ಊರುತ್ತಿತ್ತು. ಇಷ್ಟು ದಿನ ಕಣ್ಣೆದುರೇ ಇದ್ದದ್ದು ಈಗ ಕಂಡಿತು ಎಂದು ಅವಳಿಗೆ ಮೈಯೆಲ್ಲ ಖುಷಿಯಾಯಿತು. ಇನ್ನೊಂದು ಸಂಗತಿಯನ್ನೂ ಕಂಡುಹಿಡಿದು ಜಿನಪಾಲನಿಗೆ ಹೇಳಿದಳು: "ಅಣ್ಣಾರ, ಕುರಿ ಹಿಂದಿನ ಎಡಗಾಲನ್ನ ಭಾಳೊತ್ತು ನೆಲದ ಮ್ಯಾಲ ಇಡೂದಿಲ್ರಿ. ಊರಿ ಲಗೂನ ಎತ್ತತೈತಿ."

"ಹೌದೇನು? ನಮಗೇನ್ ಗೊತ್ತವಾ, ನಾವು ಹತ್ತಿ ಮಾರಿದ ಮಂದಿ," ಎಂದ ಜಿನಪಾಲ.

ಹನ್ನೆರಡು ಪುಟ ಬರೆಯಲು ನಾಲ್ಕು ದಿನ ಹಿಡಿಯಿತು. ವಿಡಿಯೋದಲ್ಲಿ ಗೊರಸು ಎಲ್ಲಿದೆಯೋ ಪುಟದಲ್ಲೂ ಅಲ್ಲೇ. ತನ್ನ ಕಡೆಯಿಂದ ಒಂದು ಕೂದಲನ್ನೂ ಸೇರಿಸಲಿಲ್ಲ. ಮುಂದಿನ ಬುಧವಾರ ಸಂಜೆ ಕುರಿಗಳು ಹಟ್ಟಿ ಸೇರಿದ ಮೇಲೆ ಅಪ್ಪನ ಕೈಗೆ ಯಂತ್ರ ಕೊಟ್ಟು ಗುಂಡಿ ಒತ್ತಿದಳು. ಪರೀಕ್ಷೆಗೆ ಬಂದವಳ ಹಾಗೆ ಪಕ್ಕದಲ್ಲಿ ನಿಂತಳು.

ಸಿದ್ದರಾಯ ಅದನ್ನು ಮತ್ತೆ ಮೂಗಿನ ತನಕ ಎತ್ತಿ ಹಿಡಿದ. ಕುರಿ ನಡೆಯಿತು, ಮುಗಿಯಿತು, ಮತ್ತೆ ಮೊದಲಿನಿಂದ ನಡೆಯಿತು. ಮೂರನೆಯ ಸಲ ಅವನ ಹುಬ್ಬು ಮೇಲೇರಿತು.

"ಕುರಿ ಹೌದು," ಎಂದ.

ದೀಪಾಲಿ ಉಸಿರು ಬಿಟ್ಟಳು.

"ಆದ್ರ ಕುಂಟ ಕುರಿ. ಹಿಂದಿನ ಎಡಗಾಲ ಕೆಟ್ಟೈತಿ. ಇಂಥಾದ್ದನ್ನ ಯಾಕ ತಗದಿ?"

ಅವಳ ಮುಖ ಸಣ್ಣದಾಯಿತು. "ಕುರಿ ಹಂಗನ ನಡೀತೈತಿ ಅಪ್ಪಾ. ನಾ ನೋಡೇನಿ."

"ಯಾವ ಕುರಿ ಹಂಗ ನಡೀತೈತಿ?"

"ಚಂದ್ರಿ. ಮೂರ್ ದಿನಾ ಅದನ್ನ ನೋಡಿ ತಗದೇನಿ. ಹ್ವಾದ ಬುಧವಾರದಿಂದ."

ಸಿದ್ದರಾಯ ಯಂತ್ರವನ್ನು ಹಿಡಿದುಕೊಂಡೇ ಹಟ್ಟಿಯ ಕಡೆ ನಡೆದ. ಚಂದ್ರಿಯನ್ನು ಕೆಡವಿ ಹಿಂದಿನ ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡ. ಕಣ್ಣಿಗಿಂತ ಮೊದಲು ಬೆರಳು ಹೋಯಿತು. ಗೊರಸಿನ ಸಂದಿಯನ್ನು ಅಗಲಿಸಿದಾಗ ಕೊಳೆತ ವಾಸನೆ ಬಂತು, ಚಂದ್ರಿ ಕಾಲು ಝಾಡಿಸಿತು. ದೀಪಾಲಿಗೆ ಬಗ್ಗಿದ ಕೂಡಲೇ ಹುಣ್ಣು ಕಾಣಿಸಿತು. ಅಪ್ಪ ಮಾತ್ರ ಕಾಲನ್ನು ಬೆಳಕಿಗೆ ಹಿಡಿದು ತಿರುಗಿಸಿ, ಮೂಗಿನ ಹತ್ತಿರ ತಂದು, ಮತ್ತೆ ಬೆರಳಿನಿಂದಲೇ ತಡಕುತ್ತಿದ್ದ. ಅವನ ಎರಡೂ ಕಣ್ಣಪಾಪೆಯ ಮೇಲೆ ಹಾಲಿನ ತೆಳುಕೆನೆಯಂಥದು ಕಟ್ಟಿದ್ದನ್ನು ಅವಳು ಅವತ್ತೇ ಇಷ್ಟು ಹತ್ತಿರದಿಂದ ನೋಡಿದಳು.

ನಾಗೂಬಾಯಿ ಬಿಸಿನೀರು, ಅರಿಶಿನ ತಂದಳು. ಅಪ್ಪ ಮಗಳು ಕೂಡಿ ಹುಣ್ಣು ತೊಳೆದರು.

"ಎಂಟ ದಿನಾ ಆತು," ಎಂದ ಸಿದ್ದರಾಯ. "ಎಂಟ ದಿನಾ ನಾನೂ ಇದರ ಹಿಂದ ಅಡ್ಡಾಡೇನಿ."

ಹುಣ್ಣಿಗೆ ಅರಿಶಿನ ಮೆತ್ತಿದ.

"ದೂರಿಂದು ಎಲ್ಲಾ ಮಬ್ಬ ಕಾಣತೈತಿ. ಗಂಟಿ ಸಪ್ಪಳದ ಮ್ಯಾಲ ನಡಸಾಕತ್ತೇನಿ. ನಿಮ್ಮವ್ವಗೂ ಹೇಳಿಲ್ಲ."

"ನನಗೂ ಕುಂಟು ಅಂತ ಗೊತ್ತಾಗ್ಲಿಲ್ಲ ಅಪ್ಪಾ," ಎಂದಳು ದೀಪಾಲಿ. ಅವನನ್ನು ಸಮಾಧಾನ ಮಾಡಲು ಹೇಳಿದಳು, ಅದು ನಿಜವೂ ಆಗಿತ್ತು. "ಕಂಡಂಗ ತಗದೆ, ಅಷ್ಟ."

"ಗೊತ್ತಾಗೂದು ಆಮ್ಯಾಲಿಂದು. ಮೊದ್ಲ ಕಾಣಬೇಕು. ನಿನಗ ಕಂಡೈತಿ."

ಹನ್ನೆರಡನೆಯ ವಯಸ್ಸಿನಿಂದ ಕಾದ ಮಾತು ಅದು. ಬಂದಾಗ ಖುಷಿಪಡಲು ಅವಳಿಗೆ ಆಗಲಿಲ್ಲ. ನಾಳೆಯೇ ಅಂಗಡಿಗೆ ರಜೆ ಹಾಕಿ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ಯುತ್ತೇನೆ ಎಂದಳು. ಸಿದ್ದರಾಯ ಬೇಡ ಎನ್ನಲಿಲ್ಲ. ಚಂದ್ರಿಯ ಕಾಲು ಕೆಳಗಿಳಿಸಿ, ಕೈ ಒರೆಸಿಕೊಂಡು, ಹುಲ್ಲಿನ ಮೇಲಿಟ್ಟಿದ್ದ ಯಂತ್ರವನ್ನು ಮತ್ತೆ ಮೂಗಿನ ಮಟ್ಟಕ್ಕೆ ಎತ್ತಿದ. ಹೊಳೆಯುವ ಬಿಳಿ ಪರದೆಯ ಮೇಲೆ ಕಪ್ಪು ಕುರಿ ಕುಂಟುತ್ತ ನಡೆಯುತ್ತಲೇ ಇತ್ತು. ದೀಪಾಲಿ ನಿಲ್ಲಿಸಲು ಕೈ ಚಾಚಿದಳು.

"ಇರಲಿ, ನಿಲ್ಲಸಬ್ಯಾಡ," ಎಂದ ಸಿದ್ದರಾಯ. "ಇದರಾಗ ನನಗ ಕುರಿ ಛಲೋ ಕಾಣತೈತಿ."