ನನ್ನ ಮೊದಲ ಮೂರು ನಿಮಿಷ

ಅರ್ಜಿ ಎರಡನೇ ವರ್ಷವೂ ತಿರಸ್ಕಾರವಾದಾಗ ನನಗೆ ಸಿಟ್ಟು ನೆತ್ತಿಗೇರಿತು. ಹುಕ್ಕೇರಿಯಲ್ಲಿ ಪ್ರತಿವರ್ಷ ನಡೆಯುವ ಹೈನುಗಾರರ ಸಮಾವೇಶಕ್ಕೆ ಭಾಷಣ ಮಾಡುವವರನ್ನು ಅರ್ಜಿ ಕರೆದು ಆರಿಸುತ್ತಾರೆ. ವಿಷಯ ಬರೆಯಬೇಕು, ಏನು ಹೇಳುತ್ತೀರಿ ಎಂದು ನಾಲ್ಕು ಸಾಲು ಬರೆಯಬೇಕು, ಭಾಷಣದ ಮೊದಲ ಮೂರು ನಿಮಿಷವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು. ಇಷ್ಟನ್ನೂ ಮಾಡಿದ್ದೆ. ಉತ್ತರ ಮಾತ್ರ ಹೋದ ವರ್ಷದ್ದೇ: ಈ ಬಾರಿ ನಿಮ್ಮನ್ನು ಆರಿಸಲು ಆಗಲಿಲ್ಲ.

ನಾನು ಕುಲಗೋಡದವಳು. ಎಮ್ಮೆ ಕಟ್ಟಿಕೊಂಡೇ ಬದುಕು ಮಾಡಿದವಳು. ಮಹಿಳಾ ಸಂಘದ ಸಭೆಯಿರಲಿ, ಹಾಲಿನ ಡೇರಿಯ ವಾರ್ಷಿಕ ಸಭೆಯಿರಲಿ, ನಾನು ಎದ್ದು ನಿಂತರೆ ಜನ ಚಹಾ ಕಪ್ಪು ಕೆಳಗಿಟ್ಟು ಕೇಳುತ್ತಾರೆ. ಇದು ಜಂಭದ ಮಾತಲ್ಲ, ಇದ್ದದ್ದು ಹೇಳುತ್ತಿದ್ದೇನೆ. ನನಗೆ ಹೇಳುವುದಕ್ಕೂ ಒಂದು ವಿಷಯವಿತ್ತು. ನಮ್ಮದು ಕಬ್ಬಿನ ಸೀಮೆ. ಕಟಾವು ಶುರುವಾಯಿತೆಂದರೆ ಕಬ್ಬಿನ ತುದಿಯ ಹಸಿರು ಮೇವು ಪುಕ್ಕಟೆ ಸಿಗುತ್ತದೆ. ಜನ ತಿಂಗಳುಗಟ್ಟಲೆ ಅದೊಂದನ್ನೇ ಹಾಕುತ್ತಾರೆ. ಆ ಮೇವು ಎಮ್ಮೆಯ ಮೈಯೊಳಗಿನ ಸುಣ್ಣದ ಅಂಶವನ್ನು ತಿಂದುಹಾಕುತ್ತದೆ. ಆಮೇಲೆ ಈದ ಎಮ್ಮೆ ನೆಲ ಹಿಡಿದು ಮಲಗಿಬಿಡುತ್ತದೆ. ಹಾಗೆ ಮಲಗಿದ ಎಮ್ಮೆಯ ಕಣ್ಣು ನೋಡಿದವರಿಗೆ ಅನ್ನ ಸೇರುವುದಿಲ್ಲ. ನಮ್ಮೂರಲ್ಲಿ ಇದನ್ನು ಹೇಳಿ ಹೇಳಿ ತಿದ್ದಿದ್ದೆ. ಹುಕ್ಕೇರಿಯ ವೇದಿಕೆ ಸಿಕ್ಕರೆ ಗೋಕಾಕ, ಮೂಡಲಗಿ ಕಡೆಯ ಹೈನುಗಾರರಿಗೆಲ್ಲ ಒಂದೇ ದಿನ ಮುಟ್ಟಿಸಬಹುದು ಎಂಬುದು ನನ್ನ ಆಸೆ.

"ನಿನ್ನ ಭಾಷಣ ಕೇಳಾಕ ಮನ್ಯಾಗ ನಾನ ಅದೀನಲ್ಲ, ಹುಕ್ಕೇರಿಗಿ ಯಾಕ ಹೋಗ್ತಿ?" ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದರು.

"ನೀವು ಕೇಳೂದ ಖರೆ ಇದ್ರ ನಾ ಅರ್ಜಿನ ಹಾಕತಿದ್ದಿಲ್ಲ," ಎಂದೆ.

ವಶೀಲಿ ಇದ್ದವರಿಗೆ ಮಾತ್ರ ಅವಕಾಶ ಕೊಡುತ್ತಾರೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಅದಕ್ಕೇ ಎರಡನೇ ಅರ್ಜಿಯ ಜೊತೆ ಮೂಡಲಗಿಯ ಒಬ್ಬ ದೊಡ್ಡ ಮನುಷ್ಯರ ಶಿಫಾರಸು ಪತ್ರವನ್ನೂ ಹಚ್ಚಿದ್ದೆ. ಅಷ್ಟಾದರೂ ಆಗಲಿಲ್ಲವೆಂದರೆ ಏನರ್ಥ? ಆರಿಸುವವರಲ್ಲಿ ಒಬ್ಬರು ಗೋಕಾಕದ ನಿವೃತ್ತ ಶಿಕ್ಷಕಿ ಎಂದು ಗೊತ್ತಾಯಿತು. ಹಾಲು ಹಾಕಿ ಬಂದವಳೇ ಬಸ್ಸು ಹತ್ತಿದೆ.

ಆಕೆ ಬಾಗಿಲು ತೆರೆದದ್ದೇ ತಡ, ನನ್ನ ಊರು, ಅರ್ಜಿ ಎಲ್ಲ ಹೇಳಿ, "ಅಕ್ಕಾರ, ನನ್ನ ಮಾತಿನಾಗ ಏನ ತಪ್ಪೈತಿ ಹೇಳ್ರಿ. ಹೇಳೂತನಕ ನಾ ಇಲ್ಲಿಂದ ಹೋಗೂದಿಲ್ಲ," ಎಂದೆ.

"ಮೊದಲ ಒಳಗ ಬರ್ರಿ. ಹೋಗೂ ಮಾತ ಆಮ್ಯಾಲ," ಎಂದು ನಕ್ಕು, ಚಹಾಕ್ಕಿಟ್ಟು, ಮೊಬೈಲಿನಲ್ಲಿ ನನ್ನ ರೆಕಾರ್ಡಿಂಗ್ ಹುಡುಕಿ ಹಚ್ಚಿದರು.

ನನ್ನ ದನಿ ಗಟ್ಟಿಯಾಗಿ ಹೊರಟಿತು. ವೇದಿಕೆಯ ಮೇಲೆ ಆಸೀನರಾಗಿರುವ ಪರಮಪೂಜ್ಯರೇ, ಸನ್ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ, ಸರ್ವ ನಿರ್ದೇಶಕರೇ, ಊರಿನ ಹಿರಿಯರೇ, ನನ್ನ ತಂದೆತಾಯಿ ಸಮಾನರಾದ ರೈತ ಬಾಂಧವರೇ, ಅಕ್ಕತಂಗಿಯರೇ. ಒಬ್ಬೊಬ್ಬರಿಗೂ ಒಂದೊಂದು ಬಿರುದು ಬೇರೆ. ಮಾಧ್ಯಮ ಮಿತ್ರರನ್ನು ನೆನೆಯುವ ಹೊತ್ತಿಗೆ ಮೂರು ನಿಮಿಷ ಮುಗಿದು ರೆಕಾರ್ಡಿಂಗ್ ನಿಂತಿತು.

"ಇದರಾಗ ಎಮ್ಮಿ ಎಲ್ಲಿ ಐತ್ರಿ?" ಎಂದು ಕೇಳಿದರು.

"ಅದು ಮುಂದ ಬರತೈತ್ರಿ."

"ನಮಗ ಮುಂದಿಂದು ಕೇಳಾಕ ಸಿಗೂದಿಲ್ಲಲ್ರಿ. ಎಲ್ಲಾರದೂ ಮೂರ ನಿಮಿಷ."

"ಹಿರ್ಯಾರ ಹೆಸರು ತಗೊಳ್ಳದ ಹೆಂಗ ಶುರು ಮಾಡೂದ್ರಿ? ಏನ ತಿಳ್ಕೊಂತಾರ ಅವರು?"

"ಅವರು ಎಲ್ಲಿದ್ದಾರ್ರಿ ಅಲ್ಲಿ? ನಾವು ಮೂರು ಮಂದಿ ಒಂದು ಖೋಲ್ಯಾಗ ಕುಂತ ಕೇಳತೇವಿ, ಅಷ್ಟ."

ನಮ್ಮ ಕಡೆ ಹೆಸರು ಬಿಟ್ಟರೆ ಮುನಿಸಿಕೊಳ್ಳುತ್ತಾರೆ ಎಂದು ಹುಟ್ಟಿದಾಗಿನಿಂದ ನೋಡುತ್ತ ಬಂದವಳು, ಯಾರೂ ಇಲ್ಲದ ವೇದಿಕೆಗೆ ಕೈ ಮುಗಿದಿದ್ದೆ.

ಆಕೆ ಅಷ್ಟಕ್ಕೇ ಬಿಡಲಿಲ್ಲ. ನನ್ನ ವಿಷಯ 'ಹೈನುಗಾರಿಕೆ: ಅಂದು, ಇಂದು, ಮುಂದು' ಎಂದಿತ್ತು. ಅಂಥದೇ ಅರ್ಜಿಗಳು ರಾಶಿ ಬಿದ್ದಿದ್ದವಂತೆ. "ನಿಮ್ಮ ಮಾತ ಕೇಳಿದಾಂವ ಮರುದಿನ ಮುಂಜಾನೆ ಎದ್ದು ಏನ ಮಾಡಬೇಕು, ಅದನ್ನ ಬರೀರಿ," ಎಂದರು. ಆಮೇಲೆ ಶಿಫಾರಸು ಪತ್ರದ ಮಾತು ಬಂತು. "ಇದನ್ನ ನೋಡಿ ನಮ್ಮಲ್ಲಿ ಒಬ್ರು, ಈ ಹೆಣ್ಮಗಳಿಗಿ ತನ್ನ ಮಾತಿನ ಮ್ಯಾಲ ಧೈರ್ಯ ಇಲ್ಲ ಅಂದ್ರು." ಅದು ನನಗೆ ಎಲ್ಲಕ್ಕಿಂತ ಚುಚ್ಚಿತು. ಧೈರ್ಯವೊಂದಕ್ಕೆ ನನ್ನಲ್ಲಿ ಯಾವತ್ತೂ ಬರವಿಲ್ಲ.

ಆ ಬಿಸಿಯಲ್ಲೇ ಎಮ್ಮೆಯ ಕತೆಯನ್ನೆಲ್ಲ ಆಕೆಗೆ ಹೇಳಿಬಿಟ್ಟೆ. ಸುಣ್ಣವನ್ನು ರಾತ್ರಿ ನೀರಿನಲ್ಲಿ ಕಲಸಿಡುವುದು, ಬೆಳಿಗ್ಗೆ ಮೇಲಿನ ತಿಳಿನೀರನ್ನು ಕತ್ತರಿಸಿದ ಮೇವಿಗೆ ಚಿಮುಕಿಸುವುದು, ಜೊತೆಗೆ ಜೋಳದ ಒಣದಂಟು, ಅಂದರೆ ಕಣಿಕಿ, ಬೆರೆಸುವುದು. ಆಕೆ ಚಹಾ ಆರಲು ಬಿಟ್ಟು ಕೇಳಿದರು.

"ಇದನ್ನ ಯಾಕ ಬರೀಲಿಲ್ರಿ?"

"ಇಷ್ಟ ಸಣ್ಣ ಮಾತ ಯಾರರ ಅರ್ಜಿ ಒಳಗ ಬರೀತಾರೇನ್ರಿ, ಅಕ್ಕಾರ?"

"ಇದನ್ನ ಬರೀಬೇಕು. ಆದ್ರ ಮುಂದಿನ ವರ್ಷ ನಾ ಆರಸೂರ ಪೈಕಿ ಇರೂದಿಲ್ಲ. ನೀವು ನಿಮ್ಮ ಮಾತಿನ ಮ್ಯಾಲ ಬರಬೇಕು."

ಬಂದೆ. ಮರುವರ್ಷದ ವಿಷಯ 'ಕಬ್ಬಿನ ಸುಗ್ಗಿಯಲ್ಲಿ ಈದ ಎಮ್ಮೆ ಏಕೆ ಏಳುವುದಿಲ್ಲ?' ರೆಕಾರ್ಡಿಂಗನ್ನು ಕೊಟ್ಟಿಗೆಯಲ್ಲೇ ಮಾಡಿದೆ. ನಡುವೆ ಒಂದು ಎಮ್ಮೆ ಒದರಿತು. ಅದಕ್ಕೂ ಮಾತಾಡುವ ಹಕ್ಕಿದೆ ಎಂದು ಹಾಗೇ ಕಳಿಸಿದೆ. ಆಯ್ಕೆಯಾಗಿದೆ ಎಂದು ಫೋನು ಬಂದಾಗ ಖುಷಿಯಾಯಿತು, ಆಶ್ಚರ್ಯವಾಗಲಿಲ್ಲ.

ಹುಕ್ಕೇರಿಯಲ್ಲಿ ನನ್ನ ಸರದಿ ಊಟಕ್ಕೆ ಮುಂಚಿನದು. ನನಗಿಂತ ಮೊದಲು ಮಾತಾಡಿದವರು ಎಳೆದೂ ಎಳೆದು ಜನ ಎದ್ದು ಹೋಗತೊಡಗಿದ್ದರು. ವೇದಿಕೆಯ ತುಂಬ ದೊಡ್ಡವರು ಕೂತಿದ್ದರು, ಈ ಸಲ ನಿಜವಾಗಿಯೂ. ಎಲ್ಲರಿಗೂ ಸೇರಿಸಿ ಒಂದೇ ಶರಣು ಹೇಳಿ, ಸೀದಾ ನೆಲ ಹಿಡಿದ ಎಮ್ಮೆಗೆ ಬಂದೆ. ಮುಂದಿನ ಕುರ್ಚಿಯ ಹಿರಿಯರೊಬ್ಬರ ಮುಖ ಗಂಟಿಕ್ಕಿತು. ಇರಲಿ ಎಂದುಕೊಂಡೆ. ಬಾಗಿಲ ತನಕ ಹೋಗಿದ್ದ ನಾಲ್ಕಾರು ಜನ ಅಲ್ಲೇ ನಿಂತು ಹಿಂದಿರುಗಿ ನೋಡುತ್ತಿದ್ದರು. ನಾನು ಅವರಿಗೇ ಮಾತಾಡಿದೆ.

ಮುಗಿಸಿ ಕೈ ಮುಗಿದಾಗ ಒಂದು ಚಪ್ಪಾಳೆಯೂ ಬೀಳಲಿಲ್ಲ. ಒಂದು ಕ್ಷಣ ಕುಸಿದೆ. ಆಮೇಲೆ ಹಿಂದಿನ ಸಾಲಿನ ಹೆಂಗಸೊಬ್ಬಳು ಎದ್ದು, "ಅಕ್ಕಾ, ಗಬ್ಬದ ಎಮ್ಮಿಗೂ ಆ ನೀರು ನಡೀತೈತೇನ್ರಿ?" ಎಂದಳು. ಉತ್ತರ ಹೇಳಿ ತಲೆಯೆತ್ತಿ ನೋಡಿದೆ. ಚಪ್ಪಾಳೆಗೆ ಕೈಗಳು ಎಲ್ಲಿ ಬಿಡುವಾಗಿದ್ದವು? ಆ ಬದಿಯಿಂದ ಈ ಬದಿಯ ತನಕ ಪ್ರಶ್ನೆ ಕೇಳಲು ಮೇಲೆದ್ದಿದ್ದವು.